ಬರಲಾಗದವನು ಖುದ್ದು ಬಂದು ಹೇಳಬೇಕು

"ನಮ್ಮ ಅರಮನೆಯಲ್ಲಿ ಕಾಯಿಲೆ ಅನ್ನೋದೇ ಇಲ್ಲ!" ಎಂದು ಕಂಚಿನಕೋಟೆಯ ದೊರೆ ಚಿಕ್ಕಪ್ಪ ನಾಯಕ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ. "ಮೂರು ತಿಂಗಳಿಂದ ಮೈ ಸರಿಯಿಲ್ಲ ಅಂತ ಒಬ್ಬನೂ ರಜೆ ಕೇಳಿಲ್ಲ. ಏನು ನರಸಪ್ಪಯ್ಯನವರೇ, ನಿಜ ತಾನೆ?"

"ಎಲ್ಲ ಪ್ರಭುಗಳ ಪುಣ್ಯ," ಎಂದು ಅರಮನೆಯ ಪಾರುಪತ್ಯಗಾರ ನರಸಪ್ಪಯ್ಯ ನಡು ಬಗ್ಗಿಸಿದ.

ಪುಣ್ಯವೂ ಇಲ್ಲ, ಮಣ್ಣೂ ಇಲ್ಲ. ಆಳುಗಳನ್ನು ಇಡುವುದು, ತೆಗೆಯುವುದು ಎಲ್ಲ ಈ ಮಹಾನುಭಾವನ ಕೈಯಲ್ಲಿತ್ತು. ಅವನು ಒಂದು ಕಟ್ಟಳೆ ಮಾಡಿದ್ದ. ಕಾಯಿಲೆ ಬಿದ್ದು ಕೆಲಸಕ್ಕೆ ಬರಲಾಗದವನು ಖುದ್ದು ಬಂದು, ತನ್ನೆದುರು ನಿಂತು, 'ನನಗೆ ಬರಲಾಗುವುದಿಲ್ಲ' ಎಂದು ಹೇಳಿ ಹೋಗಬೇಕು. ಹೇಳದೆ ಮೂರು ದಿನ ಮಲಗಿದರೆ ನಾಲ್ಕನೆಯ ದಿನ ಕೆಲಸವಿಲ್ಲ. ಎದ್ದು ಬರುವ ಶಕ್ತಿ ಇದ್ದವನು ಮಲಗುವುದೇಕೆ? ಶಕ್ತಿ ಇಲ್ಲದವನು ಬರುವುದು ಹೇಗೆ? ಇದನ್ನು ಕೇಳುವ ಧೈರ್ಯ ಯಾರಿಗಿತ್ತು ಹೇಳಿ!

ಆ ಕಟ್ಟಳೆಗೆ ಸಿಕ್ಕಿಬಿದ್ದವನು ಪಲ್ಲಕ್ಕಿ ಹೊರುವ ಕೆಂಚ. ಹದಿನಾಲ್ಕು ವರ್ಷ ದೊರೆಯನ್ನು ಹೆಗಲ ಮೇಲೆ ಹೊತ್ತವನು. ಪಾಪ, ಅವನಿಗೆ ಅಮ್ಮ ಆಯಿತು. ಮೈತುಂಬ ಗುಳ್ಳೆ, ಕೆಂಡದಂಥ ಜ್ವರ. ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ, ವಾಸಿಯಾಗಿ ಮೂರು ಸಲ ತಲೆಗೆ ಬೇವಿನ ನೀರು ಹಾಕುವ ತನಕ ರೋಗಿ ಹೊಸಿಲು ದಾಟುವಂತಿಲ್ಲ. ಇದು ನಮ್ಮ ಕಡೆ ಕೂಸಿಗೂ ಗೊತ್ತು.

ಕೆಂಚನ ಹೆಂಡತಿ ಸಣ್ಣೀರಿ ಅರಮನೆಗೆ ಹೋಗಿ, ದೂರದಲ್ಲೇ ನಿಂತು ಕೈಮುಗಿದಳು. "ಬುದ್ಧೀ, ನಮ್ಮ ಯಜಮಾನ್ರಿಗೆ ಮೈ ಸರಿಯಿಲ್ಲ..."

"ಕಾಯಿಲೆ ನಿನಗಾ, ಅವನಿಗಾ?" ಎಂದ ನರಸಪ್ಪಯ್ಯ.

"ಅವ್ರಿಗೇ ಬುದ್ಧಿ."

"ಮತ್ತೆ ನೀನ್ಯಾಕೆ ಬಂದೆ? ಹೋಗು, ಅವನನ್ನೇ ಕಳಿಸು." ಏನು ಕಾಯಿಲೆ ಎಂದು ಬಾಯಿಮಾತಿಗೂ ಕೇಳಲಿಲ್ಲ.

ಮೂರು ನೀರು ಮುಗಿಸಿ, ಮತ್ತೆ ಹತ್ತು ದಿನ ಸುಧಾರಿಸಿಕೊಂಡು ಕೆಂಚ ಕೆಲಸಕ್ಕೆ ಹೋದರೆ, ಅವನ ಜಾಗದಲ್ಲಿ ಬೇರೊಬ್ಬ ನಿಂತಿದ್ದ. "ಸೋಮವಾರದೊಳಗೆ ಅರಮನೆ ಕೊಟ್ಟ ಮನೆಯನ್ನೂ ಬಿಡು," ಎಂದು ಬಾಗಿಲ ಕಾವಲುಗಾರ ದೂರದಿಂದಲೇ ಕೂಗಿದ. ಮೂರು ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗೋದು? ಕೆಂಚ ಅಳುತ್ತಾ ಆಸ್ಥಾನದ ವಿದೂಷಕ ದೇಸಣ್ಣನ ಜಗಲಿಗೆ ಬಂದು ಕುಸಿದ.

ದೇಸಣ್ಣ ಎಲ್ಲ ಕೇಳಿ, ಅವನ ಗಲ್ಲ ಹಿಡಿದು ಮುಖ ಅತ್ತ ಇತ್ತ ತಿರುಗಿಸಿ ನೋಡಿದ. "ವೈದ್ಯ ಪಂಡಿತರು ಏನಂದರು?"

"ಪೂರಾ ವಾಸಿ ಅಂದ್ರು ಸ್ವಾಮಿ. ಕಲೆ ಮಾತ್ರ ಹೋಗಿಲ್ಲ."

"ಕಲೆ ಹೋಗದಿದ್ದದ್ದೇ ಒಳ್ಳೇದಾಯ್ತು ಬಿಡು. ನಾಳೆ ಸಭೆಗೆ ಬಾ. ಕೇಳಿದರೆ ನಿಜ ಹೇಳು. ಕೇಳದಿದ್ದರೆ ಬಾಯಿ ಮುಚ್ಕೊಂಡಿರು."

ಮರುದಿನ ಸಭೆಯಲ್ಲಿ ದೇಸಣ್ಣ ಎದ್ದು ನಿಂತ. "ಪ್ರಭು, ಕೆಂಚನದು ತಪ್ಪಾಗಿದೆ. ಕಟ್ಟಳೆಯ ಪ್ರಕಾರ ಅವನು ಖುದ್ದು ಬಂದು ಹೇಳಬೇಕಿತ್ತು. ಬಂದಿರಲಿಲ್ಲ. ಈಗ ಬಂದಿದ್ದಾನೆ. ಪಾರುಪತ್ಯಗಾರರ ಮುಂದೆ ನಿಲ್ಲಿಸಲಾ?"

"ನಿಲ್ಲಿಸಿ, ನಿಲ್ಲಿಸಿ! ಹತ್ತಿರ ಬಂದು ಹೇಳಲಿ," ಎಂದು ನರಸಪ್ಪಯ್ಯ ಗತ್ತಿನಿಂದ ಕಾಲ ಮೇಲೆ ಕಾಲು ಹಾಕಿದ. "ಏನಂತೆ ಅವನ ದೊಡ್ಡ ರೋಗ? ನೆಗಡಿಯಾ?"

"ಅಮ್ಮ," ಎಂದ ದೇಸಣ್ಣ.

ಅಷ್ಟರಲ್ಲಿ ಕೆಂಚ ಒಳಗೆ ಕಾಲಿಟ್ಟ. ಮುಖದ ತುಂಬ ಕಪ್ಪು ಕಲೆ, ರುಮಾಲಿನಲ್ಲಿ ಬೇವಿನ ಎಲೆ.

ಅಯ್ಯಯ್ಯೋ, ಆ ಓಟವನ್ನು ನೀವು ನೋಡಬೇಕಿತ್ತು! ಯುದ್ಧದಲ್ಲಿ ಬೆನ್ನು ತೋರಿಸದ ಸೇನಾಪತಿ ಕಿಟಕಿಯಿಂದ ಹಾರಿದ. ದೊರೆ ಪಂಚೆ ಎತ್ತಿಕೊಂಡು ಉಪ್ಪರಿಗೆ ಹತ್ತಿದ. ಎಲ್ಲರಿಗಿಂತ ಮೊದಲು ಕಾಲಿಗೆ ಬುದ್ಧಿ ಹೇಳಿದವನು ನರಸಪ್ಪಯ್ಯ. ಛತ್ರಿ ಚಾಮರ ಇಡುವ ಕೋಣೆಗೆ ನುಗ್ಗಿ ಒಳಗಿಂದ ಅಗುಳಿ ಹಾಕಿಕೊಂಡ.

ದೇಸಣ್ಣ ಹೋಗಿ ಬಾಗಿಲು ತಟ್ಟಿದ. "ಪಾರುಪತ್ಯಗಾರರೇ, ಕೆಂಚ ಹೇಳಬೇಕಂತೆ. ಬನ್ನಿ."

"ನನಗೆ ಬರಲಾಗೋದಿಲ್ಲ! ಮೈ ಸರಿಯಿಲ್ಲ!" ಎಂದಿತು ಒಳಗಿನ ದನಿ.

"ಹಾಗಾದರೆ ಖುದ್ದು ಹೊರಗೆ ಬಂದು ಅದನ್ನೇ ಹೇಳಿ ಹೋಗಿ ಸ್ವಾಮಿ. ಕಟ್ಟಳೆ ತಮ್ಮದೇ."

ಒಳಗೆ ಇನ್ನೊಂದು ಅಗುಳಿ ಬಿದ್ದ ಸದ್ದಾಯಿತು.

"ದೇಸಣ್ಣಾ!" ಎಂದು ದೊರೆ ಉಪ್ಪರಿಗೆಯಿಂದ ಕೂಗಿದ. "ಅವನನ್ನು ಮೊದಲು ಮನೆಗೆ ಕಳಿಸಯ್ಯಾ!"

"ಹೇಗೆ ಕಳಿಸಲಿ ಪ್ರಭು? ಅಪ್ಪಣೆ ಇಲ್ಲದೆ ಹೋದರೆ ಕೆಲಸ ಹೋಗುತ್ತೆ. ಆಗಲೇ ಒಂದು ಸಲ ಹೋಗಿದೆ. ಮನೆಯೂ ಸೋಮವಾರ ಹೋಗುತ್ತೆ."

"ಆ ಹಾಳು ಕಟ್ಟಳೆ ಇವತ್ತಿಗೆ ರದ್ದು! ಅವನ ಕೆಲಸ ಅವನಿಗೆ, ಮನೆ ಅವನಿಗೆ. ಮಾತು ಕೊಟ್ಟೆ! ಹೋಗಿ ಮಲಗಲಿ, ವಾಸಿಯಾಗೋ ತನಕ ಮಲಗಲಿ!"

"ಯಾಕೆ ಮಲಗಬೇಕು ಪ್ರಭು? ಅವನು ವಾಸಿಯಾಗಿ ಹತ್ತು ದಿನವಾಯ್ತು. ಪಂಡಿತರೇ ಹೇಳಿದ್ದಾರೆ."

ದೊರೆ ಕಟಕಟೆಯ ಮೇಲೆ ಬಗ್ಗಿ ನೋಡಿದ. "ಏನು! ಮತ್ತೆ ಬಾಯಿ ಬಿಟ್ಟು ಹೇಳೋಕೇನಾಗಿತ್ತು ಅವನಿಗೆ?"

"ಯಾರಾದರೂ ಕೇಳಿದರಾ ಪ್ರಭು? ಕೆಲಸದಿಂದ ತೆಗೆಯುವಾಗ ಏನಾಗಿದೆಯಪ್ಪಾ ಅಂತ ಕೇಳಲಿಲ್ಲ. ಇವತ್ತು ಓಡುವಾಗ ವಾಸಿಯಾಯ್ತೇನಪ್ಪಾ ಅಂತ ಕೇಳಲಿಲ್ಲ. ಎರಡು ಸಲವೂ ಅವನ ಬಾಯಿ ಅವನ ಹತ್ತಿರವೇ ಇತ್ತು."

ದೊರೆಯ ಮುಖ ಕೆಂಪಾಯಿತು. ಆಮೇಲೆ ತಾನು ಪಂಚೆ ಎತ್ತಿಕೊಂಡು ಓಡಿದ್ದು ನೆನಪಾಗಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ನಗುತ್ತಲೇ ಇಳಿದು ಬಂದು ಕೆಂಚನ ಹೆಗಲ ಮೇಲೆ ಕೈಯಿಟ್ಟ.

"ತಪ್ಪಾಯ್ತಪ್ಪ," ಎಂದ. "ಇನ್ನು ಮೇಲೆ ಕಾಯಿಲೆ ಬಿದ್ದವನನ್ನು ಕೇಳದೆ, ಪಂಡಿತರನ್ನು ವಿಚಾರಿಸದೆ, ಈ ಅರಮನೆಯಲ್ಲಿ ಯಾರನ್ನೂ ಕೆಲಸದಿಂದ ತೆಗೆಯಕೂಡದು. ಇದು ನನ್ನ ಆಜ್ಞೆ!"

ಹೇಳಿ ಮುಗಿಸುವಷ್ಟರಲ್ಲಿ ದೊರೆಯ ಕಣ್ಣು ಅಗುಳಿ ಹಾಕಿದ ಬಾಗಿಲ ಮೇಲೆ ಬಿತ್ತು. ಸಿಟ್ಟು ನೆತ್ತಿಗೇರಿತು. "ಇಷ್ಟಕ್ಕೆಲ್ಲ ಕಾರಣ ಆ ನರಸಪ್ಪಯ್ಯ! ಯಾರಲ್ಲಿ? ಅವನನ್ನು ಈ ಕ್ಷಣವೇ ಕೆಲಸದಿಂದ ತೆಗೆದುಹಾಕಿ!"

"ಅವಸರ ಬೇಡ ಪ್ರಭು," ಎಂದು ದೇಸಣ್ಣ ಕೈಮುಗಿದ. "ಮೊದಲು ಅವರನ್ನು ಒಂದು ಮಾತು ಕೇಳಿ. ಮೈ ಸರಿಯಿಲ್ಲ ಅಂತಿದ್ದಾರೆ."