ಜಡೆಬಂಡೆಯ ನೂಲೇಣಿ ಬೋರಯ್ಯ

ಗಾದರಹಟ್ಟಿಯ ಪಡುವಲಿಗೆ, ಕುರಿದಾರಿ ತಿರುಗುವಲ್ಲಿ, ಮಲಗಿದ ಎಮ್ಮೆಯಂತೆ ಕಾಣುವ ಬಂಡೆಗೆ ಜಡೆಬಂಡೆ ಎಂದು ಹೆಸರು. ಹರೆಯದಲ್ಲಿ ಎರಡು ಕಂಕುಳಲ್ಲಿ ಎರಡು ಟಗರು ಅವುಚಿಕೊಂಡು, ಕೈ ಊರದೆ ಇದರ ನೆತ್ತಿ ಏರಿದವನು ಈ ಸೀಮೆಯಲ್ಲಿ ಕೆಂಚಪ್ಪಜ್ಜನೊಬ್ಬನೇ. ಕಣ್ಣಾರೆ ಕಂಡವರೆಲ್ಲ ಮಣ್ಣು ಸೇರಿದ್ದಾರೆ. ಟಗರುಗಳಂತೂ ಆ ವರ್ಷದ ಹಬ್ಬದೂಟಕ್ಕೇ ಹೋದವು. ಹಾಗಾಗಿ ಬಂಡೆಯ ಕಥೆಯನ್ನೂ ಅಜ್ಜ ಹೇಳಿದಂತೆಯೇ ಕೇಳಬೇಕು.

ಹಿಂದೆ ಒಮ್ಮೆ, ಈ ಸೀಮೆ ಪಾಳೆಗಾರರ ಕೈಯಲ್ಲಿದ್ದಾಗ, ಹಟ್ಟಿಯಲ್ಲಿ ಬೋರಯ್ಯನೆಂಬ ಬಂಟನಿದ್ದ ಎನ್ನುತ್ತಾರೆ. ಪುಂಡಿನಾರಿನಲ್ಲಿ ನೂಲೇಣಿ ಹೆಣೆದು ಕೋಟೆಗೋಡೆಗೆ ಎಸೆಯುವುದು ಅವನ ಕೆಲಸ. ಅವನು ಹಾಕಿದ ಗಂಟು ಎಳೆದಷ್ಟೂ ಬಿಗಿಯುತ್ತಿತ್ತು. ಆನೆ ಎಳೆದರೆ ಆನೆಯ ಸೊಂಡಿಲೇ ಉದ್ದವಾಗುತ್ತಿತ್ತಂತೆ. ಮೊಣಕಾಲಿಗೆ ಭರ್ಜಿಯ ಪೆಟ್ಟು ತಿಂದು ಕುಂಟುತ್ತ ಮರಳಿದವನಿಗೆ ಇನ್ನು ಬೇಕಿದ್ದದ್ದು ಹೆಂಡತಿ ಮಾರಕ್ಕ, ಮೂವರು ಹೆಣ್ಣುಮಕ್ಕಳು, ಬಿಸಿ ಮುದ್ದೆ, ಇಷ್ಟೇ. ಮಾರಕ್ಕನ ಬಲಗೈ ಜ್ವರದಲ್ಲಿ ಸ್ವಾಧೀನ ತಪ್ಪಿತ್ತು. ಆದ್ದರಿಂದ ಬೆಳಗಿನ ಬಿಸಿಲಿಗೆ ಬಂಡೆಯ ಮೇಲೆ ಕೂತು ಮಕ್ಕಳಿಗೆ ಜಡೆ ಹೆಣೆಯುವವನು ಅವನೇ. ಹೆಣೆದದ್ದು ಹೊತ್ತೇರುವ ಮುಂಚೆಯೇ ಬಿಚ್ಚಿಹೋಗುತ್ತಿತ್ತು. “ಕೋಟೆ ಹಿಡಿದ ಗಂಡಸಿಗೆ ಮೂರು ಜಡೆ ಹಿಡಿಯಾಕೆ ಆಗಲಿಲ್ವಲ್ಲ!” ಎಂದು ಮಾರಕ್ಕ ನಕ್ಕಳು. ರೋಷ ಬಂದು ಬೋರಯ್ಯ ಒಂದು ದಿನ ಮೂರೂ ಜಡೆಗೆ ನೂಲೇಣಿಯ ಗಂಟನ್ನೇ ಹಾಕಿಬಿಟ್ಟ.

ಅದೇ ಹೊತ್ತಿಗೆ ದಳವಾಯಿ ದಂಡಿನೊಡನೆ ಬಂದು ನಿಂತ. “ಏಳಯ್ಯ ಬೋರ, ನಾಯಕರ ಅಪ್ಪಣೆ. ಹೊಸ ಕೋಟೆಗೆ ಏಣಿ ಹಾಕಬೇಕು.” ಈ ಕಾಲಿನಲ್ಲಿ ಗೋಡೆ ಏರಿದರೆ ಜೀವಂತ ಇಳಿಯುವುದಿಲ್ಲವೆಂದು ಬೋರಯ್ಯನಿಗೆ ಗೊತ್ತು. ಒಲ್ಲೆನೆಂದರೆ ಇಲ್ಲೇ ತಲೆ ಹೋಗುತ್ತದೆ. ಮೊಣಕಾಲು ಹಿಡಿದುಕೊಂಡು ಎದ್ದ. ದಂಡಿಗೆ ಹೊರಟ ತಂದೆ ಮಕ್ಕಳ ಜಡೆ ಬಿಚ್ಚಿ ಹೊರಡುವುದು ಹಟ್ಟಿಯ ಪದ್ಧತಿ. ಜಡೆ ಬಿಚ್ಚದೆ ಹೊರಟರೆ ಇಡೀ ದಂಡಿಗೇ ಸೋಲು ಎಂಬ ನಂಬಿಕೆ. ಬಿಚ್ಚಲು ಕೂತವನ ಬೆರಳು ಸೋತವು. “ಸ್ವಾಮಿ, ಇದು ಬಿಚ್ಚೋ ಗಂಟಲ್ಲ, ಕಡಿಯೋ ಗಂಟು.”

“ಹಂಗಾದ್ರೆ ಕಡಿ!”

ಮಾರಕ್ಕ ಸಿಡಿದಳು: “ಅಪ್ಪ ಬದುಕಿರುವಾಗಲೇ ಹೆಣ್ಣುಮಕ್ಕಳ ಕೂದಲು ಕಡಿಸ್ತೀರಾ? ನಿಮ್ಮ ಮನೇಲಿ ಹೆಣ್ಣು ಹುಟ್ಟಿಲ್ವಾ?” ದಳವಾಯಿ ನಾಚಿದ. ಪೇಟ ತೆಗೆದಿಟ್ಟು ತಾನೇ ಕಿರಿಯವಳು ತಿಪ್ಪಕ್ಕನ ಹಿಂದೆ ಕೂತ. “ಮಾವಾ, ಮೆಲ್ಲಗೆ! ಇದು ಕುದುರೆ ಬಾಲ ಅಲ್ಲ” ಎಂದು ಅವಳು ಗದರಿದಳು. ದಂಡೆಲ್ಲ ಸರದಿಯ ಮೇಲೆ ಕೂತಿತು, ಮುದ್ದೆ ಉಂಡಿತು, ಮತ್ತೆ ಕೂತಿತು. ಅಷ್ಟರಲ್ಲಿ ಆ ಕೋಟೆಯವರು ಮುತ್ತಿಗೆಗೆ ಕಾದು ಕಾದು ಬೇಸತ್ತು, ತಾವಾಗಿಯೇ ಕಪ್ಪ ಕಳಿಸಿದರು! “ಏಣಿ ಇಲ್ಲದೇ ಗೆದ್ವಲ್ಲಯ್ಯ, ನೀನು ಮನೇಲೇ ಇರು” ಎಂದು ದಳವಾಯಿ ಕುದುರೆ ಹತ್ತಿದ. ಯುಗಾದಿಯ ದಿನ ಬಂಡೆಯ ಮೇಲೆ ಕೊಡಗಟ್ಟಲೆ ಹರಳೆಣ್ಣೆ ಸುರಿದ ಮೇಲೆಯೇ ಗಂಟು ಸಡಿಲಿದ್ದು. ಬೋರಯ್ಯ ಮುಂದೆ ಮೊಮ್ಮಕ್ಕಳ ತಲೆಯನ್ನೂ ಅಲ್ಲೇ ಬಾಚುತ್ತ ಮುದುಕನಾದ ಎನ್ನುತ್ತಾರೆ.

ಬಂದವರು ಇಂದಿಗೂ ಬಂಡೆಯ ನೆತ್ತಿಯಿಂದ ಬುಡದವರೆಗೆ ಇಳಿದ ಕಪ್ಪು ಗೆರೆಗಳನ್ನು ಕಾಣಬಹುದು. ಆ ಮೂವರ ಜಡೆಯಿಂದ ಹರಿದ ಎಣ್ಣೆಯ ಗುರುತು ಅವು ಎಂದು ಕೆಂಚಪ್ಪಜ್ಜ ಕೋಲೆತ್ತಿ ತೋರಿಸಿದ.

ಬಳೆ ಮಾರುವ ಸಿದ್ದವ್ವ ಬುಟ್ಟಿ ಇಳಿಸಿ ಕೇಳಿದಳು: “ಅಜ್ಜಾ, ಹೋದ ವರ್ಷ ಹೇಳುವಾಗ ಐದು ಮಂದಿ ಹೆಣ್ಣುಮಕ್ಕಳು ಇದ್ರಲ್ಲ?”

ಅಜ್ಜ ಹೆಗಲು ಕುಣಿಸಿದ.

“ಇಬ್ಬರದು ಮದುವೆ ಆಗಿಹೋಯ್ತು ತಾಯಿ.”