ಮೇಕೆ ತಿಂದ ಕತೆಯ ಕೊನೆ

ಒಂದಾನೊಂದು ಕಾಲದಲ್ಲಿ, ಸೂರ್ಯ ನೆತ್ತಿ ಮೇಲೆ ಬಂದು ಅಲ್ಲೇ ನಿಂತುಬಿಟ್ಟಿದ್ದ ಒಂದು ಮಧ್ಯಾಹ್ನ, ಮೂರು ದಾರಿ ಕೂಡೋ ಕಡೆ ಸೀಬಿ ಅನ್ನೋ ಹುಡುಗಿ ದಾರಿ ತಪ್ಪಿ ನಿಂತಿದ್ದಳಂತೆ. ಕಾಲಲ್ಲಿ ಚಪ್ಪಲಿ ಇಲ್ಲ, ಜಡೆ ಅರ್ಧ ಬಿಚ್ಚಿಹೋಗಿದೆ. ಎದುರಿಗೆ ನೋಡಿದರೆ ಒಬ್ಬ ರಾಜಕುಮಾರ, ತಲೆ ಮೇಲೆ ಕಿರೀಟ, ಹುರಿ ಮೀಸೆ, ಕುತ್ತಿಗೆಯಿಂದ ಕೆಳಗೆ ಪೂರ್ತಿ ಕಲ್ಲು. ಅಣ್ಣಾ, ಈ ಕಡೆ ನಮ್ಮ ತಂಗಿ ಚೆಲುವಿ ಹೋದಳಾ, ಇಷ್ಟುದ್ದ ಇದಾಳೆ, ಮೂಗು ಸುರೀತಿರುತ್ತೆ, ಮಾತೆತ್ತಿದರೆ ಆಮೇಲೆ ಆಮೇಲೆ ಅಂತಾಳೆ, ಅಂತ ಸೀಬಿ ಕೇಳಿದಳಂತೆ. ರಾಜಕುಮಾರ ಹುಬ್ಬು ಹಾರಿಸಿ, ಬಲಕ್ಕೆ ಹೋಗು ಅಂದ. ಬಲಕ್ಕೆ ಹೋದರೆ ಬರೀ ಮುಳ್ಳು. ವಾಪಸ್ ಬಂದಳು, ಹಂಗಾದರೆ ಎಡಕ್ಕೆ ಹೋಗು ಅಂದ. ಎಡಕ್ಕೆ ಹೋದರೆ ಮೊಣಕಾಲುದ್ದ ಕೆಸರು. ಆಮೇಲೆ ಸೀಬಿಗೆ ಸಿಟ್ಟು ಬಂದು, ನಿನಗೆ ನಿಜವಾಗಲೂ ದಾರಿ ಗೊತ್ತಾ ಅಂದರೆ, ಗೊತ್ತಿದ್ದಿದ್ದರೆ ನಾನ್ಯಾಕೆ ಇಲ್ಲಿ ಕಲ್ಲಾಗಿ ನಿಂತಿರ್ತಿದ್ದೆ ಅಂದನಂತೆ. ನಾಲ್ಕು ಊರು ತಿರುಗಿದೋರಿಗೆಲ್ಲ ಗೊತ್ತು ಕೂಸೇ, ದಾರಿ ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳೋ ಗಂಡಸು ಇನ್ನೂ ಹುಟ್ಟಬೇಕು. ಕೈ ಕಲ್ಲಾಗಿದ್ದರೂ ಹುಬ್ಬಲ್ಲಾದರೂ ಒಂದು ದಿಕ್ಕು ತೋರಿಸ್ತಾರೆ.

ಸ್ವಲ್ಪ ದೂರದಲ್ಲಿ ಇವನ ತಮ್ಮ, ಎರಡನೇ ರಾಜಕುಮಾರ, ಸೊಂಟದವರೆಗೆ ಮಾತ್ರ ಕಲ್ಲಾಗಿದ್ದನಂತೆ. ಅವನು, ನಮ್ಮಣ್ಣ ಯಾರನ್ನೂ ದಾರಿ ಕೇಳಲಿಲ್ಲ, ಅದಕ್ಕೇ ಅಷ್ಟು ಕಲ್ಲು, ನಾನು ಕೇಳಿದೆ, ಆದರೆ ಹೇಳೋಳು ಮಾತು ಮುಗಿಸೋದರೊಳಗೆ ಕುದುರೆ ಓಡಿಸಿಬಿಟ್ಟೆ, ಅದಕ್ಕೇ ಇಷ್ಟು, ನೀನು ನಟ್ಟನಡುವಿನ ದಾರಿ ಹಿಡಿದು ಹೋಗು ತಾಯಿ, ಒಂದು ಗುಡಿಸಲು ಸಿಗುತ್ತೆ, ಅಲ್ಲಿರೋ ಮುದುಕೀನ ಕೇಳು ಅಂದನಂತೆ.

ಹೂಂ ಅನ್ನು ಮಗಾ, ನಿದ್ದೆ ಬಂತಾ? ಹಾಂ, ಹಂಗೆ.

ಈ ಸೀಬಿ ಅಲ್ಲಿಗೆ ಹೆಂಗೆ ಬಂದಳು ಅಂದರೆ, ಅವಳ ಅವ್ವ ಕಡಲೆಕಾಯಿ ಬಿಡಿಸೋಕೆ ಹೋಗುವಾಗ, ಚೆಲುವೀನ ಅಳಿಸಬೇಡ, ಹಗಲು ಹೊತ್ತಲ್ಲಿ ಕತೆ ಮಾತ್ರ ಹೇಳಬೇಡ, ಹಗಲು ಕತೆ ಹೇಳಿದರೆ ಕೇಳಿದೋರು ದಾರಿ ತಪ್ತಾರೆ ಅಂತ ಹೇಳಿಯೇ ಹೋಗಿದ್ದಳಂತೆ. ಆದರೆ ಚೆಲುವಿ ಅಳು ನಿಲ್ಲಿಸಲಿಲ್ಲ. ಸೀಬಿ ಕತೆ ಹೇಳಲಿಲ್ಲ, ಪುಸ್ತಕ ತೆಗೆದು ಓದಿದಳು. ಹೇಳಿದರೆ ತಾನೇ ತಪ್ಪು, ಓದಿದರೆ ಏನು ಅಂತ ಅವಳ ಲೆಕ್ಕ. ಒಬ್ಬ ರಾಣಿಯ ನಿದ್ದೇನ ಒಬ್ಬಳು ರಕ್ಕಸಿ ಕದ್ದುಕೊಂಡು ಹೋದಳು, ಮೂರು ಜನ ಗಂಡುಮಕ್ಕಳು ಅದನ್ನ ತರೋಕೆ ಹೊರಟರು, ದೊಡ್ಡವರಿಬ್ಬರು ಕಲ್ಲಾದರು, ಚಿಕ್ಕವನು ಗವಿ ಬಾಗಿಲಿಗೆ ಬಂದು ಹೊಸ್ತಿಲ ಮೇಲೆ ಕಾಲೆತ್ತಿದ, ಅನ್ನೋವರೆಗೂ ಚೆಲುವಿ ಹೂಂ ಹೂಂ ಅಂತ ಕೇಳಿದಳು. ಅಲ್ಲಿಂದ ಮುಂದೆ ಪುಟಗಳೇ ಇರಲಿಲ್ಲ. ಮನೆ ಮೇಕೆ ತಿಂದುಬಿಟ್ಟಿತ್ತು. ಆಮೇಲೆ ಅಂದಳು ಚೆಲುವಿ. ಆಮೇಲೆ ಏನೂ ಇಲ್ಲ, ಮುಗೀತು ಅಂದಳು ಸೀಬಿ. ಮುಗೀದೇ ಇರೋ ಕತೇನ ಮುಗೀತು ಅನ್ನಬಾರದು ಕೂಸೇ, ಕೇಳೋರ ಹೂಂ ಒಳಗೇ ಉಳಿದುಬಿಡುತ್ತೆ. ಸೀಬಿ ನೀರು ಕುಡಿಯೋಕೆ ಒಳಗೆ ಹೋಗಿ ಬರೋದರೊಳಗೆ ಜಗಲಿ ಮೇಲೆ ಚೆಲುವಿ ಇಲ್ಲ, ಪುಸ್ತಕ ಬಾಯಿ ತೆರಕೊಂಡು ಬಿದ್ದಿದೆ, ಅದರೊಳಗಿಂದ ಸಣ್ಣಗೆ, ಆಮೇಲೆ, ಆಮೇಲೆ ಅಂತ ಕೇಳಿಸ್ತಾ ಇದೆ. ಸೀಬಿ ಬಗ್ಗಿ ಕಿವಿ ಇಟ್ಟಳು, ಕಿವಿ ಹೋಯ್ತು, ತಲೆ ಹೋಯ್ತು, ಆಮೇಲೆ ಪೂರ್ತಿ ಸೀಬೀನೇ ಒಳಗೆ ಹೋದಳಂತೆ.

ಸರಿ, ನಡುವಿನ ದಾರೀಲಿ ಹೋದಳು, ಗುಡಿಸಲು ಸಿಕ್ತು. ಬಾಗಿಲಲ್ಲಿ ಒಬ್ಬ ಮುದುಕಿ ಒನಕೆ ಹಿಡಿದು ನಿಂತಿದ್ದಳು. ಎಲ್ಲ ಕತೇಲೂ ಊರಾಚೆ ಒಬ್ಬ ಮುದುಕಿ ಇರ್ತಾಳಲ್ಲ, ರಾಜಕುಮಾರ ಬಂದು ಅಜ್ಜೀ ಹಸಿವು ಅಂದರೆ ಉಣ್ಣೋಕೆ ಇಟ್ಟು ದಾರಿ ಹೇಳಿ ಕಳಿಸ್ತಾಳಲ್ಲ, ಅವಳೇ ಇವಳು. ಅಜ್ಜೀ, ನಮ್ಮ ಚೆಲುವಿ ಅಂದವಳೇ ಸೀಬಿ ಅಳೋಕೆ ಶುರು ಮಾಡಿದಳು. ಮೊದಲು ಅಂಬಲಿ ಕುಡಿ, ಅಳೋಕೂ ಶಕ್ತಿ ಬೇಕು ಅಂದಳಂತೆ ಮುದುಕಿ. ಸೀಬಿ ಕುಡಿದಳು. ಮುದುಕಿ ಒರಳಿಗೆ ಒರಗಿಕೊಂಡು, ಹೋಯ್ತು ನಿಮ್ಮ ಚೆಲುವಿ, ಗವಿ ಕಡೆಗೇ ಹೋಯ್ತು, ನಾನು ಬೇಡ ಅಂದೆ, ಆಮೇಲೆ ಏನಾಗುತ್ತೆ ನೋಡಬೇಕು ಅಂತು, ಆ ಹುಣಸೆಮರದ ಹತ್ತಿರ ಎಡಕ್ಕೆ ತಿರುಗು, ಮಗು ಅಳು ಕೇಳಿಸೋ ಕಡೆ ನಡಿ, ಹೆದರಿಕೆ ಆದರೆ ನಿಲ್ಲು, ಆದರೆ ಹಿಂದಕ್ಕೆ ತಿರುಗಬೇಡ ಅಂದಳಂತೆ.

ಸೀಬಿ ಮಾತು ಮುಗಿಯೋವರೆಗೂ ಕೇಳಿ, ಅಜ್ಜೀ ನಿನ್ನ ಋಣ ಹೆಂಗೆ ತೀರಿಸಲಿ ಅಂದಳು. ಮುದುಕಿ ನಕ್ಕುಬಿಟ್ಟಳು, ಹಲ್ಲಿಲ್ಲದ ನಗು. ಅಯ್ಯೋ, ಇದನ್ನ ಕೇಳಿದೋಳು ನೀನೇ ಮೊದಲು. ನನ್ನ ಕೈಲಿ ಉಂಡು ಹೋದ ರಾಜಕುಮಾರರು ಎಷ್ಟು ಜನವೋ, ಒಬ್ಬನಾದರೂ ತಿರುಗಿ ಬಂದು, ಅಜ್ಜೀ, ಹಿಂಗಿಂಗಾಯ್ತು ಅಂತ ಹೇಳಲಿಲ್ಲ. ಕತೆ ನಟ್ಟನಡುವೆ ಕೂತಿರ್ತೀನಿ, ಕೊನೆ ಮಾತ್ರ ನನಗೆ ಗೊತ್ತಾಗಲ್ಲ. ಮದುವೆ ಆಯ್ತಂತೆ ಅಂತಾರೆ, ಊಟಕ್ಕಾದರೂ ಕರೆದರಾ? ಯಾರು ಬರ್ತಾರೋ ಅಂತ ಬಾಗಿಲು ನೋಡ್ತಾ ಕಣ್ಣು ಮುಚ್ಚೋದೇ ಮರೆತುಹೋಗಿದೆ. ನೀನು ಹೋಗೋವಾಗ ಈ ಕಡೆ ಬಂದು, ಕೊನೇಗೆ ಏನಾಯ್ತು ಅಂತ ಹೇಳಿ ಹೋಗು, ಅಷ್ಟು ಸಾಕು. ಬರ್ತೀನಿ ಅಂದಳು ಸೀಬಿ. ಎಲ್ಲರೂ ಬರ್ತೀನಿ ಅಂತಾನೇ ಅಂತಾರೆ, ಹೋಗು ಹೋಗು ಅಂದಳಂತೆ ಮುದುಕಿ.

ಆಮೇಲೆ ಹುಣಸೆಮರ ಬಂತು, ಎಡಕ್ಕೆ ತಿರುಗಿದಳು, ಗವಿ ಬಂತು. ಗವಿ ಬಾಗಿಲಲ್ಲಿ ಮೂರನೇ ರಾಜಕುಮಾರ ಒಂದು ಕಾಲೆತ್ತಿಕೊಂಡು ಕೊಕ್ಕರೆ ಥರ ನಿಂತಿದ್ದನಂತೆ. ತಂಗಿ, ನಿಮ್ಮ ಮೇಕೆ ಪುಟ ತಿಂದಾಗಿನಿಂದ ಹಿಂಗೇ ನಿಂತಿದೀನಿ, ಕಾಲು ಜೋಮು ಹಿಡಿದು ಹೋಗಿದೆ, ಮುಂದಕ್ಕೆ ಏನಾದರೂ ಹೇಳು ಅಂದ. ನಾನ್ಯಾಕೆ ಹೇಳಲಿ ಅಂದರೆ, ಓದೋಳು ನೀನೇ ತಾನೇ, ಪುಟ ಇಲ್ಲದ ಮೇಲೆ ನೀನು ಹೇಳಿದ್ದೇ ಆಗೋದು ಅಂದನಂತೆ.

ಸೀಬಿ ಒಳಗೆ ಇಣುಕಿದಳು. ರಕ್ಕಸಿ ಕೂತಿದ್ದಾಳೆ, ಬಣವೆ ಅಷ್ಟು ದೊಡ್ಡದಾಗಿ, ಕಣ್ಣು ಕೆಂಪಗೆ ಊದಿಕೊಂಡಿವೆ. ತೊಟ್ಟಿಲಲ್ಲಿ ರಕ್ಕಸಿ ಮಗು, ಎಮ್ಮೆ ಕರು ಗಾತ್ರ, ಒಂದೇ ಹಲ್ಲು, ಅತ್ತರೆ ಗವಿ ಗೋಡೆಯಿಂದ ಮಣ್ಣು ಉದುರುತ್ತೆ. ಆ ತೊಟ್ಟಿಲು ತೂಗ್ತಾ ನಿಂತಿರೋದು ಯಾರು? ಚೆಲುವಿ! ಸೀಬಿ ಹೊಸ್ತಿಲಲ್ಲೇ ನಿಂತು, ಬಾರೇ ಮನೆಗೆ, ಅವ್ವ ಬರೋ ಹೊತ್ತಾಯ್ತು ಅಂತ ಕೂಗಿದಳು. ರಕ್ಕಸಿ ತಿರುಗಿ ನೋಡಿ, ಬಂದೋಳು ಬಂದೆ, ಕಾಲೊರೆಸಿಕೊಂಡು ಬಾ, ಈ ಹುಡುಗೀನ ಮಾತ್ರ ಕಳಿಸಲ್ಲ, ಇವಳು ಬಂದಮೇಲೆ ನನ್ನ ಮಗು ಅಳು ಅರ್ಧಕ್ಕೆ ಇಳಿದಿದೆ, ರಾಣಿ ನಿದ್ದೆ ಕದ್ದು ತಂದೆ, ನೋಡು, ತಲೆಗೆ ಹೊದಿಸಿದರೆ ಕಾಲಿಗೆ ಬರಲ್ಲ, ಕಾಲಿಗೆ ಹೊದಿಸಿದರೆ ತಲೆಗೆ ಬರಲ್ಲ ಅಂದಳಂತೆ. ರಾಣಿ ಮೈಗೆ ಹೊಲಿದ ನಿದ್ದೆ, ರಕ್ಕಸಿ ಮಗೂಗೆ ಎಲ್ಲಿ ಸಾಕಾಗುತ್ತೆ ಹೇಳು? ಆದರೂ ಸೆರಗಲ್ಲಿ ಗಂಟು ಹಾಕಿ ಇಟ್ಟುಕೊಂಡಿದ್ದಳು, ಇದೂ ಹೋದರೆ ಏನು ಗತಿ ಅಂತ.

ಸೀಬಿ ಯೋಚನೆ ಮಾಡಿದಳು. ಕತೆಗಳಲ್ಲಿ ಏನಾಗುತ್ತೆ ಅಂತ ಅವಳಿಗೆ ಗೊತ್ತಿಲ್ಲವಾ? ಆಮೇಲೆ ರಾಜಕುಮಾರ ಕತ್ತಿ ಎತ್ತಿದ ಅಂದಳು. ಬಾಗಿಲಲ್ಲಿದ್ದ ರಾಜಕುಮಾರನ ಕೈ ತಂತಾನೇ ಮೇಲಕ್ಕೆ ಹೋಯ್ತು, ಕತ್ತಿ ಥಳ್ ಅಂತು. ರಕ್ಕಸಿ ಎದ್ದು ತೊಟ್ಟಿಲಿಗೆ ಅಡ್ಡ ನಿಂತಳು. ಚೆಲುವಿ ತೂಗೋದು ನಿಲ್ಲಿಸಿ, ಆಮೇಲೆ, ಈ ಪಾಪೂಗೆ ಯಾರು ಹಾಲು ಕೊಡ್ತಾರೆ ಅಂದಳು.  ಇಲ್ಲ ಇಲ್ಲ, ಹಂಗಾಗಲಿಲ್ಲ ಅಂದಳು ಸೀಬಿ, ಕತ್ತಿ ಕೆಳಗೆ ಇಳೀತು. ರಾಜಕುಮಾರ, ಸರಿಯಾಗಿ ಯೋಚನೆ ಮಾಡಿ ಹೇಳಮ್ಮ, ನನ್ನ ತೋಳು ನೋಯುತ್ತೆ ಅಂದ.

ಆಮೇಲೆ ರಕ್ಕಸಿಗೆ ತೂಕಡಿಕೆ ಬಂತು, ರಾಜಕುಮಾರ ಮೆಲ್ಲಗೆ ಬಂದು ಸೆರಗಿನ ಗಂಟು ಬಿಚ್ಚಿಕೊಂಡು, ಚೆಲುವೀನ ಹೆಗಲ ಮೇಲೆ ಹಾಕಿಕೊಂಡು ಓಡಿದ ಅಂದಳು ಸೀಬಿ. ಅವನು ಒಂದು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಚೆಲುವಿ ತೊಟ್ಟಿಲು ಬಿಗಿಯಾಗಿ ಹಿಡ್ಕೊಂಡು, ಆಮೇಲೆ, ಪಾಪು ಇನ್ನೂ ಜಾಸ್ತಿ ಅಳುತ್ತಲ್ಲ, ಇವರಮ್ಮ ಮತ್ತೆ ಯಾರ ನಿದ್ದೇನೋ ಕದೀತಾಳೆ, ನಮ್ಮವ್ವಂದು ಕದ್ದರೆ ಅಂದಳಂತೆ.  ಅವ್ವ ಇಡೀ ದಿನ ಕಡಲೆಕಾಯಿ ಬಿಡಿಸಿ ಬಂದು ಚಾಪೆ ಮೇಲೆ ಬಿದ್ದರೆ ಒಂದೇ ಕ್ಷಣಕ್ಕೆ ನಿದ್ದೆ. ಅದೊಂದೇ ಅವಳ ಆಸ್ತಿ. ಇಲ್ಲ, ಹಂಗೂ ಆಗಲಿಲ್ಲ ಅಂದಳು ಸೀಬಿ ಮೆತ್ತಗೆ.

ಆಮೇಲೆ ಅವಳು ಒಳಗೆ ಹೋಗಿ ತೊಟ್ಟಿಲ ಪಕ್ಕ ಕೂತಳು. ಈ ಪಾಪೂಗೆ ಯಾರಾದರೂ ಕತೆ ಹೇಳಿದಾರಾ ಅಂತ ರಕ್ಕಸೀನ ಕೇಳಿದಳು. ಕತೆನಾ, ನಾವೇ ಕತೆ ಕಣೇ, ನಮಗ್ಯಾರು ಹೇಳ್ತಾರೆ ಅಂದಳು ರಕ್ಕಸಿ. ಸೀಬಿ ಶುರು ಮಾಡಿದಳು. ಒಂದೂರಲ್ಲಿ ಒಂದು ಮೇಕೆ ಇತ್ತಂತೆ, ಅದಕ್ಕೆ ಹಸಿರು ಸೊಪ್ಪು ಹಾಕಿದರೆ ಬೇಡ, ಕಾಗದ ಕಂಡರೆ ಪ್ರಾಣ ಅಂತೆ. ಚೆಲುವಿ ಮಗು ಕಿವೀಲಿ, ಹೂಂ ಅನ್ನಬೇಕು ಪಾಪು, ಇಲ್ಲಾಂದ್ರೆ ಕತೆ ನಿಂತುಹೋಗುತ್ತೆ ಅಂತ ಹೇಳಿಕೊಟ್ಟಳು. ಮಗು ಅಳು ನುಂಗಿ, ಹೂಂ ಅಂತು. ಗವಿ ಎಲ್ಲ ಹೂಂ ಅಂತು. ಆ ಮೇಕೆ ಪಂಚಾಯ್ತಿ ಗೋಡೆಗೆ ಅಂಟಿಸಿದ್ದ ಕಾಗದ ತಿಂತಂತೆ, ಹೂಂ. ಮೇಷ್ಟರ ಜೇಬಿಗೆ ಬಾಯಿ ಹಾಕ್ತಂತೆ, ಹೂಂ. ಮೇಷ್ಟರು ಅದರ ಹಿಂದೆ ಕೊಡೆ ಹಿಡ್ಕೊಂಡು ಓಡಿದರಂತೆ. ರಕ್ಕಸಿ ಕಿಸಕ್ಕನೆ ನಕ್ಕಳು, ಆಮೇಲೆ ಅಂದಳು. ಆಮೇಲೆ ಓಡಿ ಓಡಿ ಮೇಕೆಗೆ ಸುಸ್ತಾಯ್ತಂತೆ, ಹೊಟ್ಟೇಲಿ ಕಾಗದ ಬೆಚ್ಚಗಿತ್ತಂತೆ, ಹೂಂ ಅಂತು ಮಗು ಎಳೆದು. ಹೊಂಗೆಮರದ ನೆರಳಿಗೆ ಬಂತಂತೆ, ಊಂ. ಕಾಲು ಮಡಿಸ್ತಂತೆ, ಉಂ. ಕಿವಿ ಇಳಿಬಿಡ್ತಂತೆ. ಹೂಂ ಬರಲಿಲ್ಲ. ಸೀಬಿ ಕಾದಳು, ಚೆಲುವಿ ಕಾದಳು. ತೊಟ್ಟಿಲಿಂದ ಗೊರಕೆ ಬಂತಂತೆ, ಗಿರಣಿ ಓಡಿದ ಹಾಗೆ.

ರಕ್ಕಸಿ ತುಂಬ ಹೊತ್ತು ಮಗು ಮುಖ ನೋಡಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ರಾಣಿ ನಿದ್ದೇನ ರಾಜಕುಮಾರನ ಕೈಗೆ ಕೊಟ್ಟಳು, ಚೆಲುವಿ ಕೈನ ಸೀಬಿ ಕೈಗೆ ಕೊಟ್ಟಳು. ಕೊಟ್ಟು, ನಾಳೆ ಇದು ಎದ್ದರೆ ಏನು ಮಾಡಲೇ ಅಂದಳಂತೆ, ಚಿಕ್ಕ ಹುಡುಗಿ ಥರ. ಇದೇ ಕತೆ ಹೇಳು ಅತ್ತೆ, ಮಕ್ಕಳಿಗೆ ಹೊಸದು ಬೇಡ, ಕೇಳಿದ್ದೇ ಬೇಕು ಅಂದಳು ಸೀಬಿ. ರಾಜಕುಮಾರನ ಕಾಲು ನೆಲಕ್ಕೆ ಬಂತು. ಆಕಾಶದಲ್ಲಿ ಸೂರ್ಯ ಒಂದು ಸಲ ಮೈ ಮುರಿದು ಪಡುವಣದ ಕಡೆ ಹೊರಟ. ದೂರದಲ್ಲಿ ಅಣ್ಣಂದಿರಿಬ್ಬರೂ ಕಲ್ಲು ಉದುರಿಸಿಕೊಂಡು, ನೀನು ತಪ್ಪು ದಾರಿ ಹಿಡಿದೆ, ನೀನು ಹಿಡಿದೆ ಅಂತ ಜಗಳ ಶುರು ಮಾಡಿದ್ದು ಕೇಳಿಸ್ತಂತೆ.

ಆಗ ಮೇಲಿಂದ, ಮೋಡದಾಚೆಯಿಂದ ಅನ್ನೋ ಹಾಗೆ, ಒಂದು ದನಿ ಬಂತು. ಸೀಬೀ, ಚೆಲುವೀ, ಎಲ್ಲಿ ಹೋದ್ರೇ? ಅವ್ವ! ಕೆಲಸದಿಂದ ಬಂದು ಜಗಲಿ ಮೇಲೆ ನಿಂತು ಕೂಗ್ತಾ ಇದಾಳೆ. ಚೆಲುವಿ ಆಗಲೇ ಸೀಬಿ ಹೆಗಲ ಮೇಲೆ ತಲೆ ಇಟ್ಟು ಭಾರವಾಗಿದ್ದಳು. ರಾಜಕುಮಾರ ಕುದುರೆ ಏರಿ, ಇಲ್ಲೇ ಮುಗೀತು ಅಂದುಬಿಡು ತಂಗಿ, ಈ ಸಲ ನಿಜವಾಗಲೂ ಮುಗಿದಿದೆ, ಅಂದ ಕೂಡಲೆ ಮನೇಲಿರ್ತೀರಿ ಅಂದನಂತೆ. ಸೀಬಿ ಬಾಯಿ ತೆರೆದಳು. ಅವ್ವ ಮತ್ತೆ ಕೂಗಿದಳು, ದನೀಲಿ ಅಳು ಇತ್ತು. ಸೀಬಿ ಬಾಯಿ ಮುಚ್ಚಿದಳು. ಬಂದೇ ಅವ್ವಾ, ಒಂದು ಋಣ ಇದೆ, ತೀರಿಸಿ ಬಂದೆ ಅಂತ ಆಕಾಶಕ್ಕೆ ಕೂಗಿ, ಚೆಲುವೀನ ಇನ್ನೂ ಮೇಲಕ್ಕೆ ಎತ್ತಿಕೊಂಡು ಹುಣಸೆಮರದ ಕಡೆ ನಡೆದಳು. ರಾಜಕುಮಾರ ಹಿಂದಿನಿಂದ, ನಾನೂ ಆ ಅಜ್ಜೀಗೆ ಬರ್ತೀನಿ ಅಂದಿದ್ದೆ, ನನ್ನದೂ ಸೇರಿಸಿ ಹೇಳಿಬಿಡು ಅಂದ. ನಿನ್ನದು ನೀನೇ ಹೇಳಪ್ಪ, ನಿಮ್ಮಮ್ಮ ಮಲಗಿದ ಮೇಲೆ ಪುರುಸೊತ್ತಾಗಿ ಬಾ, ಬರೋವಾಗ ಕೈಬೀಸಿಕೊಂಡು ಬರಬೇಡ ಅಂದಳಂತೆ ಸೀಬಿ, ತಿರುಗದೇ.

ಮುದುಕಿ ಬಾಗಿಲಲ್ಲೇ ಇದ್ದಳು. ಸೀಬಿ ಬರೋದು ಕಂಡು ಕೈಲಿದ್ದ ಒನಕೆ ಜಾರಿ ಬಿತ್ತು. ಗಡಿಬಿಡಿಯಲ್ಲಿ ಒಂದು ಚಾಪೆ ಕೊಡವಿ ಹಾಸಿದಳು, ಚೆಲುವೀನ ಮಲಗಿಸಿದರು. ಇಬ್ಬರೂ ಕಂಬಕ್ಕೆ ಒರಗಿ ಕೂತರು. ಸೀಬಿ ಮೊದಲಿಂದ ಹೇಳಿದಳು, ಏನೂ ಬಿಡಲಿಲ್ಲ. ಹೂಂ, ಹೂಂ ಅಂತ ಮುದುಕಿ ಕೇಳಿದಳು. ಕತ್ತಿ ಎತ್ತಿದಾಗ ಎದೆ ಹಿಡಿದುಕೊಂಡಳು, ಮೇಷ್ಟರು ಓಡಿದಾಗ ನಕ್ಕು ನಕ್ಕು ಕೆಮ್ಮಿದಳು. ಆಮೇಲೆ ರಾಣಿಗೆ ನಿದ್ದೆ ಬಂತಂತೆ, ಮೂರು ಜನ ಮಕ್ಕಳೂ ಅವಳ ಮಂಚದ ಸುತ್ತ ಕೂತು ಬಾಯಿ ಮೇಲೆ ಬೆರಳಿಟ್ಟುಕೊಂಡರಂತೆ ಅಂದಳು ಸೀಬಿ. ಹೂಂ. ರಕ್ಕಸಿ ಮಗು ಪಕ್ಕ ಉರುಳಿಕೊಂಡಳಂತೆ. ಆ ಕೂಸು ಮಲಗ್ತಲ್ಲ, ಅಷ್ಟು ಸಾಕು ಅಂದಳು ಮುದುಕಿ, ಕಣ್ಣು ಒರೆಸಿಕೊಂಡಳು. ಅಕ್ಕತಂಗಿಯರು ಅವರವ್ವನ ಹತ್ತಿರ ಹೋದರಂತೆ, ಅವ್ವ ಬೈದಳಂತೆ, ಬೈದು ಬಿಸಿ ಮುದ್ದೆ ಇಟ್ಟಳಂತೆ. ಹೂಂ. ಎಲ್ಲರ ಮನೇಲೂ ಎಲ್ಲರೂ ಮಲಗಿದರಂತೆ. ಊಂ ಅಂದಳು ಮುದುಕಿ, ಆಮೇಲೆ ಅದೂ ಇಲ್ಲ. ಸೀಬಿ ತಿರುಗಿ ನೋಡಿದಳು. ಯಾವ ಕಾಲದಿಂದಲೋ ಬಾಗಿಲು ಕಾಯ್ತಾ ಇದ್ದ ಮುದುಕಿ, ಕಂಬಕ್ಕೆ ತಲೆ ಇಟ್ಟು ಕಣ್ಣು ಮುಚ್ಚಿದ್ದಳು.

ಸೀಬಿ ಕಂಬಳಿ ತಂದು ಹೊದಿಸಿದಳಂತೆ, ಬಾಗಿಲು ಮುಂದಕ್ಕೆ ಎಳೆದಳಂತೆ, ಚೆಲುವೀನ ಎತ್ತಿಕೊಂಡಳಂತೆ. ಆಮೇಲೆ ಯಾರಿಗೂ ಎಚ್ಚರ ಆಗದ ಹಾಗೆ, ಅಜ್ಜೀ, ನಿನ್ನ ಋಣ ತೀರ್ತು, ನನ್ನ ಕತೆ ಮುಗೀತು ಅಂದಳಂತೆ.