ನಲವತ್ತೊಂದನೆಯ ಎಚ್ಚರಿಕೆ

"ಮಾಸ್ತರೇ, ಪ್ರೋಗ್ರಾಂ ಓಡುತ್ತಿದೆ. ಆದರೆ ಕಂಪೈಲರ್ ಇನ್ನೂ ಕೆಲವು ಎಚ್ಚರಿಕೆ ಕೊಡುತ್ತಿದೆ. ಓಡುತ್ತಿರುವುದನ್ನು ಯಾಕೆ ಕೆದಕಬೇಕು?" ಎಂದು ಯಮುನಾ ಕೇಳಿದಳು. ಹಳೆಯ ಸರ್ವರ್ ತಂತ್ರಾಂಶವೊಂದನ್ನು ಬೇರೆ ಆಪರೇಟಿಂಗ್ ಸಿಸ್ಟಂಗೆ ಒಗ್ಗಿಸುವುದು ಅವಳಿಗೆ ವಹಿಸಿದ ಮೊದಲ ಕೆಲಸವಾಗಿತ್ತು. ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್, ಅನುಮಾನ ಬಂದ ಸಾಲುಗಳನ್ನು ಎತ್ತಿ ತೋರಿಸುತ್ತಿತ್ತು.

ಅವಳಿಗೆ ಈ ವಿದ್ಯೆ ಕಲಿಸಿದ ಪದ್ಮನಾಭ ಮಾಸ್ತರರು ಕನ್ನಡಕ ತೆಗೆದಿಟ್ಟು ಹೇಳತೊಡಗಿದರು.

ಒಂದು ಬಂದರಿನಲ್ಲಿ ಒಬ್ಬ ಪ್ರೋಗ್ರಾಮರ್ ಇದ್ದ. ಅಲ್ಲಿನ ಸರ್ವರ್‌ಗೆ ಮುಖ್ಯವಾದದ್ದು ಒಂದೇ ಕೆಲಸ. ಕಡಲಲ್ಲಿ ದೋಣಿ ಆಪತ್ತಿಗೆ ಸಿಕ್ಕಿ ಕರೆ ಕಳಿಸಿದರೆ ದಡದ ಕಚೇರಿಯಲ್ಲಿ ಗಂಟೆ ಮೊಳಗಬೇಕು. ಯಾರೋ ಹಿರಿಯರು ಬರೆದಿಟ್ಟು ಹೋದ ಪ್ರೋಗ್ರಾಂ ಅದು. ಹದಿನಾರು ವರ್ಷ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಯಂತ್ರ ಹಳತಾಯಿತು, ಹೊಸದು ಬಂತು. ಹೊಸದರ ಆಪರೇಟಿಂಗ್ ಸಿಸ್ಟಂ ಬೇರೆ. ಅದಕ್ಕೆ ತಕ್ಕಂತೆ ಪ್ರೋಗ್ರಾಮನ್ನು ಮತ್ತೆ ಕಂಪೈಲ್ ಮಾಡುವ ಹೊಣೆ ಇವನ ಮೇಲೆ ಬಿತ್ತು.

ಹಳೆಯ ಕಂಪೈಲರ್ ಎಂದೂ ಸೊಲ್ಲೆತ್ತಿರಲಿಲ್ಲ. ಹೊಸದು ನಲವತ್ತೊಂದು ಎಚ್ಚರಿಕೆ ಕೊಟ್ಟಿತು. ಅವನು ಸೋಮಾರಿಯಲ್ಲ. ಮೂರು ವಾರ ಕೂತು ನಲವತ್ತನ್ನು ಸರಿಪಡಿಸಿದ. ಕೊನೆಯದರ ಕಾರಣ ಮಾತ್ರ ಎಷ್ಟು ಹುಡುಕಿದರೂ ಕಾಣಲಿಲ್ಲ. ಹದಿನಾರು ವರ್ಷ ಓಡಿದೆಯಲ್ಲ ಎಂದುಕೊಂಡ. ಆ ಎಚ್ಚರಿಕೆಯನ್ನು ತೋರಿಸಬೇಡ ಎಂದು ಕಂಪೈಲರ್‌ಗೆ ಅಪ್ಪಣೆ ಕೊಟ್ಟ. ಮೂರು ಸಲ ಪರೀಕ್ಷಿಸಿದ. ಮೂರು ಸಲವೂ ಗಂಟೆ ಮೊಳಗಿತು.

ಕಾರ್ತಿಕದಲ್ಲಿ ಬಿರುಗಾಳಿ ಎದ್ದಿತು. ಹತ್ತಾರು ದೋಣಿಗಳ ಸಂದೇಶಗಳು ಒಟ್ಟಿಗೆ ಬಂದವು. ಅವುಗಳ ನಡುವೆ ಒಂದು ಆಪತ್ತಿನ ಕರೆಯೂ ಬಂತು, ದಾಖಲೂ ಆಯಿತು. ಗಂಟೆ ಮೊಳಗಲಿಲ್ಲ. ಆ ದೋಣಿಯಲ್ಲಿದ್ದ ಮೂವರಲ್ಲಿ ಇಬ್ಬರು ಹಲಗೆ ಹಿಡಿದು ದಡ ಸೇರಿದರು.

ಅವನು ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದ. ಗಂಟೆಯನ್ನು ತಡೆಯಬೇಕೇ ಬೇಡವೇ ಎಂದು ತಿಳಿಸುವ ಜಾಗವೊಂದನ್ನು ಬರೆದವರು ಖಾಲಿ ಬಿಟ್ಟಿದ್ದರು. ಹಳೆಯ ಸಿಸ್ಟಂನಲ್ಲಿ ಖಾಲಿ ಜಾಗದಲ್ಲಿ ಯಾವಾಗಲೂ ಸೊನ್ನೆ ಇರುತ್ತಿತ್ತು. ಸೊನ್ನೆಯೆಂದರೆ ತಡೆಯಬೇಡ. ಹೊಸದರಲ್ಲಿ ಆ ಖಾತರಿ ಇರಲಿಲ್ಲ; ಪರೀಕ್ಷಿಸಿದಾಗ ಅಲ್ಲಿ ಸೊನ್ನೆಯೇ ಇತ್ತು, ಬಿರುಗಾಳಿಯ ದಿನ ಹಿಂದಿನ ಯಾವುದೋ ಸಂದೇಶದ ಚೂರು ಅಲ್ಲಿ ಉಳಿದುಬಿಟ್ಟಿತ್ತು. ಅವನು ಅಡಗಿಸಿದ ಎಚ್ಚರಿಕೆ ಬೆರಳು ತೋರಿದ್ದು ಅದೇ ಸಾಲಿಗೆ.

ತಿದ್ದಲು ಒಂದು ಸೊನ್ನೆ ಸಾಕಾಯಿತು. ತಿದ್ದಿದ ಮೇಲೆ, ಬೇಡವೆಂದ ಕಚೇರಿಯವರ ಮಾತು ಕೇಳದೆ, ಸತ್ತವನ ಮನೆಗೆ ನಡೆದ. ಜಗಲಿಯ ಕೆಳಗೆ ನಿಂತೇ ಎಲ್ಲವನ್ನೂ ಹೇಳಿದ.

ಬಲೆ ಮಡಚುತ್ತಿದ್ದ ಸತ್ತವನ ಹೆಂಡತಿ ತಲೆಯೆತ್ತಿದಳು. "ಆ ಯಂತ್ರ ನಿಮಗೆ ಮೊದಲೇ ಏನೂ ಹೇಳಿರಲಿಲ್ಲವೇ?"

"ಹೇಳಿತ್ತು ತಾಯಿ. ನಾನೇ ಅದರ ಬಾಯಿ ಮುಚ್ಚಿಸಿದೆ."

ಅವಳು ಮತ್ತೆ ಬಲೆ ಮಡಚತೊಡಗಿದಳು. ಬಯ್ಯಲಿಲ್ಲ. ಒಂದು ಬೈಗುಳಕ್ಕಾಗಿ ಅವನು ಹೊತ್ತು ಮುಳುಗುವವರೆಗೆ ಅಲ್ಲೇ ನಿಂತಿದ್ದ.

ಮಾಸ್ತರರು ಕತೆ ನಿಲ್ಲಿಸಿದರು. ಯಮುನಾಗೆ ಆ ಪ್ರೋಗ್ರಾಮರ್‌ನನ್ನು ಅಲ್ಲಿ ಹಾಗೆ ನಿಲ್ಲಿಸಿ ಬರಲು ಮನಸ್ಸಾಗಲಿಲ್ಲ.

"ಆದರೂ ಮಾಸ್ತರೇ, ಆ ಸಾಲು ಬರೆದವನು ಅವನಲ್ಲವಲ್ಲ?"

"ಬರೆದವರಿಗೆ ಯಾರೂ ಹೇಳಿರಲಿಲ್ಲ, ತಂಗಿ" ಎಂದರು ಮಾಸ್ತರರು.